ಹಸಿ ಗೋಡೆಯ ಮುಂದೆ ಅಕ್ಕೋರು

ಜಮಖಂಡಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅಕ್ಕೋರನ್ನು ಧೈರ್ಯವಂತೆ ಎಂದರು. ಒಬ್ಬರಂತೂ ‘ಎದೆಗಾರ್ತಿ’ ಎಂದು ಹೇಳಿ ಮೇಜು ಗುದ್ದಿದರು. ಹೆಣ್ಣುಮಗಳೊಬ್ಬಳು ಬಿಸಿಲಿನಲ್ಲಿ ನಿಂತು ನೆಲ ಅಗೆಸಿ, ಸಾವಿರಾರು ವರ್ಷಗಳ ಹಿಂದಿನ ಜನರ ಮನೆಗಳನ್ನು ಹುಡುಕಿದ್ದೇ ಧೈರ್ಯಕ್ಕೆ ಸಾಕ್ಷಿ ಎಂಬುದು ಅವರ ವಾದ. ವಾದದಲ್ಲಿ ತೂತಿದೆ. ಒಂದು ಕೆಲಸ ಮಾಡಿದವರು ಅದನ್ನು ಧೈರ್ಯದಿಂದಲೇ ಮಾಡಿದರೆಂದು ಯಾರು ಹೇಳಿದರು? ಕೈ ಎತ್ತಿ ಎದ್ದು ನಿಲ್ಲಬೇಕೆನಿಸಿತು. ಎದುರಿಗೆ ಹಾರ ಹಾಕಿದ ಅವರ ಫೋಟೋ ಇದ್ದುದರಿಂದ ಸುಮ್ಮನೆ ಕೂತೆ. ಆ ಫೋಟೋದಲ್ಲೂ ಅವರ ಕಣ್ಣು ಕ್ಯಾಮೆರಾದ ಕಡೆಗಿಲ್ಲ, ಅದಕ್ಕಿಂತ ಒಂದು ಗೇಣು ಮೇಲಿದೆ. ಅಲ್ಲಿ ಸ್ಟುಡಿಯೋದವರ ದೀಪವೋ ಫ್ಯಾನೋ ತೂಗುತ್ತಿರಬೇಕು. ಅದು ಎಲ್ಲಿ ಬಿದ್ದೀತೋ ಎಂದು ನೋಡುತ್ತಿದ್ದಾರೆ.

ನಾನು ಕಂಡ ಜನರಲ್ಲೆಲ್ಲ ಅಕ್ಕೋರಷ್ಟು ಅಂಜುವವರು ಇನ್ನೊಬ್ಬರಿಲ್ಲ. ಇದನ್ನು ಬೈಗುಳವಾಗಿ ಬರೆಯುತ್ತಿಲ್ಲ, ಹೊಗಳಿಕೆಯಾಗಿಯೂ ಅಲ್ಲ. ಖರೆ ಇದ್ದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. ಅವರು ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. ಮನೆಯಲ್ಲಿ ಮರಾಠಿ, ಕ್ಲಾಸಿನಲ್ಲಿ ಕನ್ನಡ, ಅಂಜಿದಾಗ ಎರಡೂ. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಬೇಡ, ಬಾಗಿಲ ಪಕ್ಕದ್ದು ಬೇಡ, ಗಾಲಿಯ ಮೇಲಿನದಂತೂ ಬೇಡವೇ ಬೇಡ. ಲೋಕಾಪುರದ ಕೂಡುರಸ್ತೆ ದಾಟುವಾಗ ಪಕ್ಕದಲ್ಲಿ ಯಾರಿದ್ದರೂ ಅವರ ಕೈ ಹಿಡಿದುಬಿಡುತ್ತಿದ್ದರು. ಒಮ್ಮೆ ಸಮೀರವಾಡಿಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಸಾಲಾಗಿ ಹೋಗುತ್ತಿದ್ದವು. ಅಕ್ಕೋರು ಗುರುತಿಲ್ಲದ ಮುದುಕನೊಬ್ಬನ ಕೈ ಹಿಡಿದು, ಕಣ್ಣು ಮುಚ್ಚಿ ರಸ್ತೆ ದಾಟಿದರು. ದಾಟಿದ ಮೇಲೆ ಆ ಮುದುಕ, “ಎವ್ವಾ, ನಾ ಈ ಕಡಿಂದs ಆ ಕಡಿಗೆ ಬಂದು ನಿಂತಿದ್ನಿ. ಈಗ ಮತ್ತ ಯಾರ ಕೈ ಹಿಡೀಲಿ?” ಅಂದ. ಅಕ್ಕೋರು ನಾಚಿಕೊಂಡು ಅವನನ್ನು ತಿರುಗಿ ದಾಟಿಸಲು ಹೊರಟರು. ಆಮೇಲೆ ಅವರನ್ನು ಕರೆತರಲು ನಾನು ದಾಟಬೇಕಾಯಿತು.

ನನಗೆ ಸಿಟ್ಟು ಬರುತ್ತಿದ್ದದ್ದು ಅವರ ಅಂಜಿಕೆಗಲ್ಲ, ಅದನ್ನು ಎಲ್ಲರೆದುರು ಹೇಳಿಬಿಡುವ ರೀತಿಗೆ. ನೀರಡಿಕೆ ಆಗಿದೆ ಎನ್ನುವಷ್ಟು ಸಲೀಸಾಗಿ, “ನಂಗ ಅಂಜಿಕಿ ಆಗ್ಲಿಕ್ಕೆ ಹತ್ತದ” ಎನ್ನುತ್ತಿದ್ದರು. ನಾನು ಬನಹಟ್ಟಿಯ ಮಗ್ಗದವರ ಮಗಳು. ಮಗ್ಗದ ಸಪ್ಪಳದಲ್ಲಿ ಮಾತು ಕೇಳಿಸಬೇಕಾದರೆ ಗಟ್ಟಿಯಾಗಿ ಮಾತಾಡಬೇಕು. ಅದೇ ಗಂಟಲು ಹಿಡಿದುಕೊಂಡು ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಇಳಿದೆ. ಗೆದ್ದ ಶೀಲ್ಡುಗಳು ನಮ್ಮ ಮನೆಯ ಟಿವಿಯ ಮೇಲೆ ಈಗಲೂ ಇವೆ. ವೇದಿಕೆಯ ಮೇಲೆ ‘ನನಗೆ ಭಯ’ ಎಂದವರು ಸೋತರೆಂದೇ ಲೆಕ್ಕ.

“ಅಕ್ಕೋರ, ಅದು ವಾದ ಅಲ್ರಿ, ಬರೇ ಭಾವನೆ,” ಎಂದು ಒಮ್ಮೆ ಹೇಳಿಯೇಬಿಟ್ಟೆ.

“ಹೌದಲ್ಲವಾ. ನಾ ಎಲ್ಲಿ ವಾದ ಮಾಡ್ಲಿಕ್ಕೆ ಹತ್ತೀನಿ? ಆಗ್ಲಿಕ್ಕೆ ಹತ್ತಿದ್ದನ್ನ ಹೇಳ್ಲಿಕ್ಕೆ ಹತ್ತೀನಿ.”

ಇಂಥವರು ಬೀಳಗಿಯ ಕಡೆ ಘಟಪ್ರಭೆಯ ದಂಡೆಯಲ್ಲಿರುವ ಒಂದು ದಿಬ್ಬದ ಬೆನ್ನು ಹತ್ತಿದ್ದರು. ಮೂರು ಕಡೆ ಕಬ್ಬು, ಒಂದು ಕಡೆ ಹೊಳೆ, ಅಂಚಿಗೆ ಬೇವಿನ ಗಿಡ. ಮಳೆ ಬಿದ್ದು ತೊಳೆದಾಗಲೆಲ್ಲ ಅಲ್ಲಿ ಬೂದಿಬಣ್ಣದ ಬೋಕಿ ಏಳುತ್ತಿದ್ದವು, ಅಂದರೆ ಹಳೆಯ ಮಡಕೆಯ ಚೂರುಗಳು. ಅಲ್ಲಿ ಅಗೆಯಲು ಪರವಾನಗಿ ಕೇಳುತ್ತ ಅಕ್ಕೋರು ತಮ್ಮ ನೌಕರಿಯ ಬಹುಪಾಲು ಕಳೆದಿದ್ದರು. ನಿವೃತ್ತಿ ಹತ್ತಿರ ಬಂದಾಗ ಒಂದೇ ಒಂದು ಬೇಸಿಗೆಯ ಮಟ್ಟಿಗೆ ಅದು ಸಿಕ್ಕಿತು. ಹೊಲದ ಒಡೆಯ ಕಲ್ಲಪ್ಪ ಕಾಕಾ ದೊಡ್ಡ ಮನಸ್ಸಿನಿಂದ, “ಅಗೀರಿ, ಆದ್ರ ನನ್ನ ಕಬ್ಬು ತುಳೀಬ್ಯಾಡ್ರಿ,” ಅಂದರು. ಎಂ.ಎ. ಓದುತ್ತಿದ್ದ ನಾನು ಸಹಾಯಕ್ಕೆ ಸೇರಿಕೊಂಡೆ.

ಅಲ್ಲಿ ಮೊದಲ ದಿನವೇ ಅವರು ಹೇಳಿದ್ದು: “ಪುಸ್ತಕ ತಪ್ಪ ಓದಿದ್ರ ತಿರಗಿ ಓದಬಹುದು. ಇದನ್ನ ಒಮ್ಮೆ ಅಗದ್ರ ಮುಗೀತು, ಇದು ಮತ್ತ ಇರೂದಿಲ್ಲ. ಅದಕ್ಕs ಅಂಜಿ ಅಗೀಬೇಕು.”

ಹೊಲ ಎರಿಮಣ್ಣಿನದು. ಒಣಗಿದರೆ ಬಾಯಿ ಬಿಡುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಎರಡಾಳುದ್ದದ ಆಳಕ್ಕೆ ನೆಟ್ಟಗೆ ಕೊಯ್ದ ತಗ್ಗಿನ ಗೋಡೆ ಎಷ್ಟು ಹೊತ್ತು ನಿಂತೀತು ಎಂದು ಯಾರೂ ಹೇಳಲಾರರು. ಅಕ್ಕೋರು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಳಿದು, ಅಂಗೈಯಿಂದಲ್ಲ, ಅದರ ಹಿಂಬದಿಯಿಂದ ಗೋಡೆಯನ್ನು ಉದ್ದಕ್ಕೂ ಮುಟ್ಟಿಕೊಂಡು ಬರುತ್ತಿದ್ದರು. ಜ್ವರ ಬಂದ ಕೂಸಿನ ಹಣೆ ಮುಟ್ಟುತ್ತಾರಲ್ಲ, ಹಾಗೆ. ತಣ್ಣಗೆ ಹತ್ತಿದರೆ ಒಳಗೆ ನೀರು ಬಂದಿದೆ ಎಂದರ್ಥ. ಆಮೇಲೆ ಸೀಳು ಕಂಡಲ್ಲೆಲ್ಲ ಹಳೆಯ ಪೇಪರಿನ ಚೀಟಿಯನ್ನು ಅಡ್ಡಲಾಗಿ ಅಂಟಿಸುತ್ತಿದ್ದರು. ಸೀಳು ಅಗಲವಾದರೆ ಚೀಟಿ ಹರಿಯುತ್ತದೆ, ಹರಿದರೆ ಎಲ್ಲರೂ ಮೇಲೆ ಬರಬೇಕು. ಅಂಟಿಸಲು ಬೇಕಾದ ಗಂಜಿ ನಮ್ಮ ಮನೆಯದೇ, ಅಪ್ಪ ನೂಲಿಗೆ ಹಾಕುವಂಥದು. ಅದನ್ನು ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಬುಟ್ಟಿ ಹೊರಲು ಬರುತ್ತಿದ್ದ ಕಾಶವ್ವ ಚೀಟಿಗಳನ್ನು ನೋಡಿ, “ಗ್ವಾಡಿಗಿ ಗಾಯ ಆಗೇತೇನ್ರಿ? ಪಟ್ಟಿ ಹಚ್ಚೀರಲ್ಲ,” ಎಂದು ನಗುತ್ತಿದ್ದಳು.

ಆ ತಗ್ಗಿನೊಳಗೆ ಒಂದು ಮಾತು ನಿಷಿದ್ಧವಾಗಿತ್ತು: ‘ಸಿಕ್ತು’. ಏನಾದರೂ ಕಂಡರೆ ಅದರ ಮೇಲೆ ಒದ್ದೆ ಗೋಣಿಚೀಲ ಹೊಚ್ಚಿ, ಚಹಾ ಕುಡಿಯಲು ಬಂದವರಂತೆ ಮೇಲೆ ಬಂದು, ಅಕ್ಕೋರ ಕಿವಿಯಲ್ಲಿ ಹೇಳಬೇಕು. ಅಗೆಯುವವರ ಬಾಯಿಂದ ‘ಸಿಕ್ತು’ ಎಂದು ಬಂದರೆ ಸಂಜೆಯೊಳಗೆ ಅದು ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಲ್ಲಿ ಬಂಗಾರವಾಗಿರುತ್ತದೆ.

ಆದರೂ ಸುದ್ದಿ ಹೋಯಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ತಗ್ಗಿನ ಒಂದು ಮೂಲೆಯನ್ನು ಯಾರೋ ಹಾರೆಯಿಂದ ಕೆದರಿದ್ದರು. ದಂಡೆಯ ಮೇಲೆ ಕುಂಕುಮ, ಅರಿಷಿಣ, ಕೊಯ್ದ ಲಿಂಬಿಹಣ್ಣು. ಕೆಲಸದವರು ಇಳಿಯಲು ಒಲ್ಲೆ ಎಂದರು. ನಾನು ಕೊಯ್ಯದೆ ಉಳಿದಿದ್ದ ಒಂದು ಲಿಂಬಿಹಣ್ಣನ್ನು ಎತ್ತಿಕೊಂಡು, ಎಲ್ಲರ ಎದುರು ಹಿಂಡಿ ಪಾನಕ ಮಾಡಿ ಕುಡಿದೆ. ಕಾಶವ್ವ ಸಂಜೆಯವರೆಗೆ ನನ್ನನ್ನೇ ನೋಡುತ್ತಿದ್ದಳು, ಎಲ್ಲಿ ರಕ್ತ ಕಾರುತ್ತೇನೋ ಎಂದು.

“ನೋಡ್ರಿ ಅಕ್ಕೋರ, ಏನೂ ಆಗಲಿಲ್ಲ,” ಅಂದೆ.

ಅಕ್ಕೋರು ಕೆದರಿದ ಮೂಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. “ಲಿಂಬಿಹಣ್ಣಿಗೆ ಯಾರ ಅಂಜತಾರವಾ? ಹಾರಿ ಹಿಡಕೊಂಡ ಬಂದವ್ರಿಗೆ ಅಂಜತೀನಿ. ಅವರು ನಾಳೇನೂ ಬರ್ತಾರ.”

ಕಾಶವ್ವನಿಗೆ ಉಪಾಯ ಹೊಳೆಯಿತು. “ಅದಕ್ಕೇನ್ರಿ? ಇಲ್ಲಿ ದೆವ್ವ ಐತಿ ಅಂತ ನಾ ಊರಾಗ ಹಬ್ಬಸ್ತೇನಿ. ಒಬ್ಬ ಗಂಡಸ ಈ ಕಡಿಗೆ ಹಾಯೂದಿಲ್ಲ.”

ನನಗೂ ಅದು ಜಾಣತನವೆನಿಸಿತು. ಅಕ್ಕೋರು ತಲೆ ಅಲ್ಲಾಡಿಸಿದರು. “ಬ್ಯಾಡ ಕಾಶವ್ವ. ನಾ ಅಂಜತೀನಿ ಅಂತ ಮಂದೀಗೆ ಸುಳ್ಳ ಅಂಜಿಕಿ ಹಚ್ಚಬೇಕೇನು? ನಂದು ನಂಗ ಇರಲಿ.”

ಅದಾದ ಸ್ವಲ್ಪ ದಿನಕ್ಕೇ ಆ ಗಡಿಗೆಗಳು ಕಂಡವು. ತಗ್ಗಿನ ತಳದ ಹತ್ತಿರ, ಗೋಡೆಯೊಳಗೆ ಅರ್ಧ ಹುದುಗಿಕೊಂಡು, ಎರಡು ಗಡಿಗೆಗಳು ಬಾಯಿಗೆ ಬಾಯಿ ಕೂಡಿಸಿ ಅಡ್ಡ ಮಲಗಿದ್ದವು. ಅವುಗಳ ಮೇಲೆ ಸುಣ್ಣ ಸಾರಿಸಿದ ನೆಲದ ತೆಳ್ಳನೆಯ ಬಿಳಿ ಗೆರೆ. ಅಂದರೆ ಯಾರದೋ ಮನೆಯ ನೆಲದ ಕೆಳಗೆ ಅವನ್ನು ಇಟ್ಟಿದ್ದರು. ಕಾಶವ್ವ ಒದ್ದೆ ಗೋಣಿಚೀಲ ಹೊಚ್ಚಿ ಮೇಲೆ ಬಂದು ಅಕ್ಕೋರನ್ನು ಕರೆದಳು. ಅಕ್ಕೋರು ಇಳಿದು ನೋಡಿದವರೇ ಕೂತುಬಿಟ್ಟರು.

“ಕೂಸು ಇರಬೇಕು,” ಅಂದರು. “ಆಗಿನ ಮಂದಿ ಸತ್ತ ಕೂಸನ್ನ ಹಿಂಗ ಇಡ್ತಿದ್ರು. ಮನ್ಯಾಗs, ಮಲಗೂ ಜಾಗಾದ ಕೆಳಗ.”

“ಇರಬೇಕು ಅಂದ್ರ? ಪುರಾವೆ?”

“ಇಲ್ಲ. ತಗದ್ರ ತಿಳೀತದ.”

ಕಾಶವ್ವ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು, “ದೂರ ಕಳಸಾಕ ಮನಸ ಬಂದಿಲ್ಲ ನೋಡ್ರಿ,” ಅಂದಳು. ಯಾರು ಯಾವ ಕಾಲದಲ್ಲಿ ಅತ್ತದ್ದೋ, ಅದು ಇವಳಿಗೆ ಕೇಳಿಸಿದ ಹಾಗಿತ್ತು.

ಈ ಭಾಗದಲ್ಲಿ ಅಂಥದ್ದನ್ನು ಅಕ್ಕೋರು ಕಂಡಿರಲಿಲ್ಲ. ಅದನ್ನು ಇಡಿಯಾಗಿ ತೆಗೆದರೆ ಮುಂದಿನ ಬೇಸಿಗೆಗೂ ಪರವಾನಗಿ, ದಿಬ್ಬಕ್ಕೆ ರಕ್ಷಣೆ, ಇಷ್ಟು ವರ್ಷದ ಅಲೆದಾಟಕ್ಕೊಂದು ಅರ್ಥ. ಬಿಟ್ಟರೆ ಹಾರೆಯವರು ಬರುತ್ತಾರೆ, ಬಂಗಾರಕ್ಕಾಗಿ ಒಡೆಯುತ್ತಾರೆ. ಆ ದಿನ ಮರಳಿನ ಚೀಲಗಳನ್ನು ಒತ್ತಿಟ್ಟು, ಕಲ್ಲಪ್ಪ ಕಾಕಾನನ್ನು ಕಾವಲಿಗೆ ಕೂರಿಸಿದೆವು. ಮರುದಿನ ತೆಗೆಯಲೇಬೇಕೆಂದು ಮಾತಾಯಿತು. ತೆಗೆಯಬೇಕಾದರೆ ಗೋಡೆಯ ಬುಡವನ್ನೇ ಕೊರೆಯಬೇಕು.

ಬೆಳಿಗ್ಗೆ ಅಕ್ಕೋರು ಗೋಡೆ ಮುಟ್ಟಿ ಬಂದರು. ಎಲ್ಲ ಸರಿ ಇತ್ತು. ನಾನೂ ಕಾಶವ್ವನೂ ಇಳಿದು ಗಡಿಗೆಗಳ ಸುತ್ತ ಕರಣಿಯಿಂದ ಮಣ್ಣು ಬಿಡಿಸತೊಡಗಿದೆವು. ಬಿಸಿಲೇರುವ ಹೊತ್ತಿಗೆ ಕರೆಂಟು ಬಂತು, ಪಕ್ಕದ ಹೊಲದವರು ಪಂಪು ಹಾಕಿ ಕಬ್ಬಿಗೆ ನೀರು ಬಿಟ್ಟರು. ನೀರು ದಿಬ್ಬದ ಬುಡಕ್ಕೆ ಬಂದದ್ದು ನಮಗೆ ಗೊತ್ತಾಗಲಿಲ್ಲ. ಕಾಶವ್ವ ತಲೆ ಎತ್ತಿ ನೋಡಿ ಅಂದಳು:

“ಅಕ್ಕಾರ, ಚೀಟಿ ಹರದೈತ್ರಿ.”

ಮೇಲಿಂದ ಅಕ್ಕೋರ ದನಿ. “ಯಾವದು?”

“ಗಡಿಗಿ ನೆತ್ತಿ ಮ್ಯಾಲಿಂದು.”

“ಬುಟ್ಟಿ ಅಲ್ಲೇ ಬಿಡು. ಇಬ್ರೂ ಮ್ಯಾಲ ಬರ್ರಿ. ಓಡಬ್ಯಾಡ್ರಿ, ಸಾವಕಾಶ.”

ಕಾಶವ್ವ ಏಣಿ ಹತ್ತಿಹೋದಳು. ನಾನು ಹೋಗಲಿಲ್ಲ. ಚೀಟಿಯನ್ನು ನೋಡಿದೆ. ಅದು ನಡುವೆ ಹರಿದು, ಅಂಚು ಒಳಕ್ಕೆ ಸುರುಳಿ ಸುತ್ತಿಕೊಂಡಿತ್ತು.

“ಅಕ್ಕೋರ, ಇದು ಗಂಜಿ ಒಣಗಿ ಹರದದ್ದ್ರಿ. ಬಿಸಲಿಗೆ ಸೆಳಕೊಂಡೈತಿ. ನಮ್ಮನಿ ಗಂಜಿ ನನಗ ಗೊತ್ತಿಲ್ಲೇನ್ರಿ?”

“ಇದ್ದೀತವಾ. ಮ್ಯಾಲ ಬಾ.”

“ಇದ್ದೀತು ಅಂದ್ರ ಒಪ್ಪಿದಂಗಾತು.”

“ಒಪ್ಪೀನಿ. ಮ್ಯಾಲ ಬಾ.”

“ಒಪ್ಪಿದ ಮ್ಯಾಲ ಯಾಕ ಬರಬೇಕ್ರಿ? ಉಳದ ಚೀಟಿ ಎಲ್ಲಾ ಛಲೋ ಅದಾವು. ಇವತ್ತ ತಗೀಲಿಲ್ಲ ಅಂದ್ರ ಹಾರಿ ಮಂದಿ ತಗೀತಾರ. ಅದಕ್ಕೇನ ಉತ್ತರ?”

“ಉತ್ತರ ಇಲ್ಲ. ನಂಗ ಅಂಜಿಕಿ ಆಗ್ಲಿಕ್ಕೆ ಹತ್ತದ.”

“ಅದು ಪುರಾವೆ ಅಲ್ರಿ!”

ಗೆದ್ದೆ ಅಂದುಕೊಂಡು ಕರಣಿ ಎತ್ತಿಕೊಂಡೆ. ಆಗ ಏಣಿ ಗಡಗಡ ಅಂದಿತು. ಅಕ್ಕೋರು ಇಳಿಯುತ್ತಿದ್ದರು. ಅವರ ಕಾಲ ನಡುಕ ಏಣಿಗೆ ಹತ್ತಿ, ಅದರ ತುದಿ ತಗ್ಗಿನ ದಂಡೆಗೆ ಬಡಿದು ಸಪ್ಪಳವಾಗುತ್ತಿತ್ತು. ಕೆಳಗೆ ಬಂದವರು ನನ್ನ ಪಕ್ಕದಲ್ಲಿ, ಗೋಡೆಗೆ ಮುಖ ಮಾಡಿ ನಿಂತರು. ಮೇಲ್ದುಟಿಯ ಮೇಲೆ ಬೆವರು. ಬಾಯೊಳಗೇ ಮರಾಠಿಯಲ್ಲಿ ಏನೋ ಅಂದುಕೊಳ್ಳುತ್ತಿದ್ದರು.

“ಗಂಜಿನೇ ಹರದಿದ್ದೀತು,” ಅಂದರು. “ನೀ ಹೇಳೂದರಾಗ ತಪ್ಪ ಇಲ್ಲ. ನಿನ್ನ ವಾದ ಪೂರಾ ಆಗೂತನಕಾ ನಾ ಇಲ್ಲೇ ನಿಂದರತೀನಿ. ಹೇಳು.”

ನಾನು ಬಾಯಿ ತೆರೆದೆ. ಮಗ್ಗದ ಊರಿನವರಿಗೆ ಸಪ್ಪಳದಲ್ಲಿ ನಿದ್ದೆ ಬರುತ್ತದೆ, ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತದೆ. ಆ ತಗ್ಗಿನಲ್ಲಿ ಆಗ ಅಂಥ ಮೌನವಿತ್ತು. ಆ ಮೌನದಲ್ಲಿ ಮಣ್ಣಿನದೊಂದು ಹರಳು ಮೇಲಿಂದ ಜಾರಿ ನನ್ನ ಕೊರಳಪಟ್ಟಿಯೊಳಗೆ ಬಿತ್ತು. ಒಂದೇ ಹರಳು. ತಣ್ಣಗಿತ್ತು. ಅದು ಬೆನ್ನ ಮೇಲೆ ಇಳಿದ ದಾರಿ ನನಗೆ ಈಗಲೂ ಗೊತ್ತು.

“ನಡೀರಿ,” ಅಂದೆ.

“ನೀ ಮೊದಲ,” ಅಂದರು.

ನಾನು ಹತ್ತುವಾಗ ಏಣಿಯನ್ನು ಅವರು ಕೆಳಗಿಂದ ಹಿಡಿದುಕೊಂಡರು. ಮೇಲೆ ಬಂದು ತಿರುಗಿ ನೋಡಿದರೆ ಅವರಿನ್ನೂ ಗಡಿಗೆಗಳ ಮುಂದೆ ನಿಂತಿದ್ದರು. ಒದ್ದೆ ಗೋಣಿಚೀಲವನ್ನು ಅವುಗಳ ಮೇಲೆ ಸರಿಯಾಗಿ ಹೊಚ್ಚಿ, ಮಗುವಿಗೆ ಹೊದಿಕೆ ಸಿಗಿಸಿದಂತೆ ಅಂಚು ಒತ್ತಿ ಆಮೇಲೆ ಹತ್ತಿದರು.

ಗೋಡೆ ಬೀಳಲಿಲ್ಲ. ಮಧ್ಯಾಹ್ನ ಬೀಳಲಿಲ್ಲ, ಬಿಸಿಲಿಳಿದಾಗಲೂ ಬೀಳಲಿಲ್ಲ. ಅಕ್ಕೋರು ಇನ್ನು ಕಾಯುವುದಿಲ್ಲ ಎಂದರು. ಇಳಿಯುವ ಹಾಗಿಲ್ಲ, ಹಾರೆಯವರಿಗೆ ಬಿಡುವ ಹಾಗೂ ಇಲ್ಲ. ತಗ್ಗನ್ನು ಮುಚ್ಚಿಬಿಡುವುದೊಂದೇ ಉಳಿದದ್ದು. ದಂಡೆಯ ಮೇಲಿಂದಲೇ, ಎದುರು ಬದಿಗೆ ನಿಂತು, ಜರಡಿ ಹಿಡಿದ ಸಣ್ಣ ಮಣ್ಣನ್ನು ಮೊದಲು ಸುರಿಸಿದರು. ಅದರ ಮೇಲೆ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿಯೊಂದನ್ನು ಎಸೆಯಿಸಿದರು.

“ಇದ್ಯಾಕ್ರಿ?” ಕಾಶವ್ವ ಕೇಳಿದಳು.

“ಮುಂದ ಅಗಿಯೋರಿಗೆ ತಿಳೀಬೇಕಲ್ಲ, ಇಲ್ಲಿತನಾ ಯಾರೋ ಬಂದು, ಅಂಜಿ ತಿರಗಿ ಹೋಗ್ಯಾರ ಅಂತ.”

ಆಮೇಲೆ ಬುಟ್ಟಿ ಬುಟ್ಟಿ ಮಣ್ಣು ಬಿತ್ತು. ಗೋಡೆ ಬೀಳುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಯೂ ಅದರೊಳಗೇ ಹೋಯಿತು. ಇದು ನನ್ನಂಥವಳಿಗೆ ತಡೆದುಕೊಳ್ಳಲು ಕಷ್ಟ. ಗಂಜಿ ಒಣಗಿ ಹರಿದಿತ್ತೆಂದು ನಾನು ಈಗಲೂ ಸಾಧಿಸಿ ತೋರಿಸಬಲ್ಲೆ. ಸೀಳು ಅಗಲವಾಗಿತ್ತೆಂದೂ ಅಷ್ಟೇ ಚೆನ್ನಾಗಿ ಸಾಧಿಸಬಲ್ಲೆ. ಇಲಾಖೆಯ ಮೇಲಿನವರು ಬಂದು, ತಗ್ಗು ಮುಚ್ಚಿದ್ದನ್ನು ನೋಡಿ, “ಒಂದು ಚೀಟಿ ಹರದದ್ದಕ್ಕ ಇಷ್ಟ ದೊಡ್ಡ ಶೋಧ ಬಿಟ್ಟುಬಿಟ್ರ್ಯಾ?” ಎಂದು ನಕ್ಕರು. ಅಕ್ಕೋರು, “ಹೌದ್ರಿ,” ಎಂದರು, ಅಷ್ಟೇ. ಮುಂದಿನ ಬೇಸಿಗೆಗೆ ಪರವಾನಗಿ ಬರಲಿಲ್ಲ. ಅವರು ಮತ್ತೆಂದೂ ಅಗೆಯಲಿಲ್ಲ. ನಿವೃತ್ತರಾಗಿ ಜಮಖಂಡಿಯ ಮನೆಯಲ್ಲಿ, ಗ್ಯಾಸಿನ ಸಿಲಿಂಡರಿಗೆ ಅಂಜಿ ಒಲೆಯನ್ನು ಹತ್ತಿಪ್ಪತ್ತು ಸಲ ನೋಡುತ್ತ ಬದುಕಿದರು. ನಾನು ಹೋದಾಗಲೆಲ್ಲ, “ಗ್ವಾಡಿ ಬೀಳತಿತ್ತೇನ್ರಿ, ಖರೆ ಹೇಳ್ರಿ,” ಎಂದು ಕೆಣಕುತ್ತಿದ್ದೆ. “ಯಾರಿಗ್ಗೊತ್ತವಾ,” ಎಂದು ಚಹಾ ಸೋಸುತ್ತಿದ್ದರು.

ಸಭೆ ಮುಗಿದ ವಾರದಲ್ಲಿ ಕಲ್ಲಪ್ಪ ಕಾಕಾನ ಫೋನ್ ಬಂತು. “ಅಕ್ಕಾರ ಇರೂತನಕಾ ಆ ಜಾಗಾಕ್ಕ ಕೈ ಹಚ್ಚೂದಿಲ್ಲ ಅಂತ ಮಾತ ಕೊಟ್ಟಿದ್ನೆವಾ. ಈಗ ಕೃಷಿ ಹೊಂಡ ತಗಸಾಕತ್ತೇನಿ. ನೀ ಬಂದು ಜಾಗಾ ತೋರಸು, ಅದನ್ನಷ್ಟ ಬಿಟ್ಟು ತಗಸ್ತೇನಿ.”

ಹೋದೆ. ಮಳೆಗೆ, ಹೊಳೆಯ ನೆರೆಗೆ ದಿಬ್ಬ ಕರಗಿ ಬಹುಮಟ್ಟಿಗೆ ಸಮವಾಗಿತ್ತು, ಗುರುತಿಗೆ ಬೇವಿನ ಗಿಡವೊಂದೇ ಉಳಿದಿತ್ತು. ಅದನ್ನು ಹಿಡಿದು ಅಳತೆ ಹಾಕಿ, ಯಾವ ಸಂಶಯವೂ ಇಲ್ಲದೆ ಹೇಳಿದೆ: “ಅಕ್ಕೋರ ತಗ್ಗು ಆ ಕಡೆ. ಇಲ್ಲಿಂದ ಈ ಕಡೆ ಎಲ್ಲಾ ಖಾಲಿ. ತಗಸ್ರಿ.”

ಜೆಸಿಬಿ ತನ್ನ ಕೆಲಸ ಶುರು ಮಾಡಿತು. ಬಕೆಟ್ಟು ಇಳಿದು ಏಳುವುದನ್ನು ನೋಡುತ್ತ ನಿಂತೆ. ಹೊಂಡ ಆಳವಾಯಿತು. ಒಮ್ಮೆ ಬಕೆಟ್ಟು ಮೇಲೆದ್ದಾಗ ಅದರ ಹಲ್ಲಿಗೆ ನೀಲಿ ಚಿಂದಿಯೊಂದು ಸಿಕ್ಕಿಕೊಂಡು ಗಾಳಿಗೆ ಆಡುತ್ತಿತ್ತು.

“ನಿಲ್ಲಸ್ರಿ!”

ಯಂತ್ರ ನಿಂತಿತು. ಮಗ್ಗ ನಿಂತಂಥ ಮೌನ.

ನನ್ನ ಅಳತೆ ತಪ್ಪಿತ್ತು. ಕಲ್ಲಪ್ಪ ಕಾಕಾ ಚಿಂದಿಯನ್ನು ಗುರುತಿಸಿದರು. ಮಾತು ಉಳಿಸಿಕೊಂಡ ಮನುಷ್ಯ, ಕೆಟ್ಟವರಲ್ಲ. ಆದರೂ ಅವರ ಕಣ್ಣಿನಲ್ಲಿ ಆಸೆ ಮೂಡಿತು. “ಹಂಗಾರ ಗಡಿಗಿ ಇಲ್ಲೇ ಅದಾವು! ತಡೀವಾ, ಒಂದೀಟ ಇಳದ ನೋಡೇಬಿಡ್ತೇನಿ.” ಹೊಂಡದ ಅಂಚಿಗೆ ಕೂತು ಒಂದು ಕಾಲು ಇಳಿಬಿಟ್ಟರು.

ಅಂಚಿನಲ್ಲಿ ಬಗ್ಗಿ, ಆಗ ತಾನೇ ಕೊಯ್ದ ಗೋಡೆಗೆ ನನ್ನ ಅಂಗೈಯ ಹಿಂಬದಿ ತಾಗಿಸಿದೆ. ತಣ್ಣಗಿತ್ತು. ಸೀಳಿಗಾಗಿ ಹುಡುಕಿದೆ. ಕಾಣಲಿಲ್ಲ. ಇಲ್ಲದ ಸೀಳನ್ನು ಇತ್ತು ಎಂದು ಬರೆಯಲಾರೆ.

“ಇಳೀಬ್ಯಾಡ್ರಿ ಕಾಕಾ.”

“ಯಾಕವಾ? ಗ್ವಾಡಿ ಕಲ್ಲಿನಂಗ ಐತಿ.”

“ಹೌದ್ರಿ ಮೇಡಂ, ಈಗ ಕೊಯ್ದದ್ದು, ಗಟ್ಟಿ ಐತಿ,” ಎಂದು ಡ್ರೈವರೂ ಮೇಲಿಂದ ಕೂಗಿದ.

ಒಳಗೆ ಸತ್ತ ಕೂಸಿದೆ, ಮುಟ್ಟಿದವರ ಮನೆ ಉಳಿಯುವುದಿಲ್ಲ ಎಂದಿದ್ದರೆ ಸಾಕಿತ್ತು, ಕಾಕಾ ಹಾರಿ ಹಿಂದೆ ಸರಿಯುತ್ತಿದ್ದರು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಬೀಳತೈತಿ ಅಂತ ನಿನಗೇನ ಗೊತ್ತು?” ಕಾಕಾ ಕೇಳಿದರು.

“ಗೊತ್ತಿಲ್ರಿ,” ಅಂದೆ. “ನನಗ ಅಂಜಿಕಿ ಆಗಾಕತ್ತೇತಿ.”

ಅವರು ನನ್ನ ಮುಖ ನೋಡಿದರು. ಇಳಿಬಿಟ್ಟ ಕಾಲನ್ನು ಮೆಲ್ಲಗೆ ಮೇಲೆ ಎಳೆದುಕೊಂಡು ಎದ್ದರು.

“ಮುಚ್ಚಪಾ,” ಎಂದು ಡ್ರೈವರನಿಗೆ ಹೇಳಿದರು. “ಹೊಂಡ ಬ್ಯಾರೆ ಕಡೆ ತಗಿಯೂಣು.”

ಬಕೆಟ್ಟಿನ ಹಲ್ಲಿನಿಂದ ನೀಲಿ ಚಿಂದಿಯನ್ನು ಬಿಡಿಸಿಕೊಂಡೆ. ಇಳಿದು ಅದನ್ನು ಅದರ ಜಾಗದಲ್ಲಿ ಇಡಬೇಕೆನಿಸಿತು. ಇಳಿಯಲಿಲ್ಲ. ದಂಡೆಯ ಮೇಲೆ ನಿಂತು, ಅಲ್ಲಿಂದಲೇ ಒಳಗೆ ಎಸೆದೆ.